ಗಂಡಸರ ಸಾಲಿಗೆ ಮರಳಿದವನು

ಔರಂಗಾಬಾದಿನ ಗುಲಮಂಡಿಯ ಹಿಂದಿನ ಓಣಿಯಲ್ಲಿ ಬೀದರ ಕಡೆಯ ಏಳೆಂಟು ಮನೆಗಳಿದ್ದವು. ಆ ಮಂದಿಯಲ್ಲಿ ವೈಜನಾಥನಂಥ ಕಟ್ಟುಮಸ್ತಾದ ಆಳು ಇನ್ನೊಬ್ಬನಿರಲಿಲ್ಲ. ಭಾಲ್ಕಿಯ ಗರಡಿಯಲ್ಲಿ ಮಣ್ಣು ಹಚ್ಚಿಕೊಂಡು ಬೆಳೆದವನು, ಈಗ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಶ್ರಾವಣದ ಮೆರವಣಿಗೆಯಲ್ಲಿ ಮಾಳಿಗೆ ಮುಟ್ಟುವಷ್ಟು ಎತ್ತರದ ನಂದಿಕೋಲನ್ನು ಸೊಂಟಕ್ಕೆ ಬಿಗಿದು ಅವನು ಹೊರಟರೆ ಹಾದಿಯ ಮರಾಠಿ ಮಂದಿಯೂ ನಿಂತು ನೋಡುತ್ತಿದ್ದರು.

ಮೂರನೆಯ ಹೆರಿಗೆಯಲ್ಲಿ ಅವನ ಹೆಂಡತಿ ಕಸ್ತೂರಿಬಾಯಿ ಸಾವಿನ ಬಾಯಿಗೆ ಹೋಗಿ ಬಂದಳು. ಮೂರನೆಯದೂ ಹೆಣ್ಣೇ. ಆಸ್ಪತ್ರೆಯ ಡಾಕ್ಟರಬಾಯಿ ವೈಜನಾಥನನ್ನು ಹೊರಗೆ ಕರೆದು, ಇನ್ನೊಂದು ಬಸಿರನ್ನು ಈ ಮೈ ತಾಳುವುದಿಲ್ಲ ಎಂದರು. ಮತ್ತೆ ಮಕ್ಕಳಾಗದಂತೆ ಅವಳಿಗೇ ಆಪರೇಶನ್ ಮಾಡೋಣವೆಂದರೆ ಮೈಯಲ್ಲಿ ರಕ್ತವಿಲ್ಲ; ಗಂಡಸರದಾದರೆ ಸಣ್ಣ ಕೆಲಸ, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು. ವೈಜನಾಥ ಹೆಚ್ಚು ಯೋಚಿಸಲಿಲ್ಲ. ಮರುವಾರ ಹೋಗಿ ಮಾಡಿಸಿಕೊಂಡು ಬಂದ.

ಕಸ್ತೂರಿಬಾಯಿ ಹಾಸಿಗೆಯಲ್ಲೇ ಗಾಬರಿಯಾದಳು. "ಹಿಂಗ್ಯಾಕ ಮಾಡ್ಕೊಂಡ್ರಿ? ಮಂದಿ ಏನಂದಾರು?"

"ಹಡಿಯಾಕಿ ನೀನು, ಮಂದಿ ಅಲ್ಲ. ಸುಮ್ನ ಮಲ್ಕೋ."

ಅದು ಮುಚ್ಚಿಡುವ ಸಂಗತಿಯೆಂದು ಅವನಿಗೆ ಅನಿಸಲೇ ಇಲ್ಲ. ಸಂಜೆ ಓಣಿಯ ಗಂಡಸರು ಸೇರುತ್ತಿದ್ದದ್ದು ಹಿರಿಯ ಶಿವರಾಯನ ದಿನಸಿ ಅಂಗಡಿಯ ಕಟ್ಟೆಯ ಮೇಲೆ. ಅಲ್ಲಿ ತಾನಾಗಿಯೇ ಹೇಳಿದ. ಬೇರೆ ಯಾರಾದರೂ ಹೋಗುವುದಿದ್ದರೆ ಜೊತೆಗೆ ಬರುತ್ತೇನೆಂದೂ ಹೇಳಿದ. ಅವನು ಎದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಬೆನ್ನ ಹಿಂದೆ ನಗೆ ಕೇಳಿಸಿತು.

ಸುದ್ದಿ ಕಚೇರಿಗೂ ಹೋಯಿತು. ಒಂದು ಬೆಳಗ್ಗೆ ಅವನ ಮೇಜಿನ ಮೇಲೆ ಹಸಿರು ಬಳೆಗಳಿದ್ದವು. ಶ್ರಾವಣ ಬಂದಾಗ ನಂದಿಕೋಲು ಬೇರೆಯವನ ಪಾಲಾಯಿತು.

"ಭಾರ ಎತ್ತಬ್ಯಾಡ ತಮ್ಮಾ," ಎಂದ ಶಿವರಾಯ. "ಮೈ ಮೊದಲಿನಂಗ ಉಳದಿಲ್ಲ ನಿಂದು."

"ಮೈಗೇನಾಗ್ಯದ? ದಿನಾ ನೀರಿನ ಕೊಡ ನಾನೇ ಹೊರತೀನಿ."

"ಹೆಂಡ್ತಿ ಹೊರೂ ಕೊಡ ನೀ ಹೊರತಿ. ನಾನೂ ಅದನ್ನೇ ಹೇಳ್ಲಾಕತ್ತೀನಿ."

ಭಾಲ್ಕಿಯಿಂದ ತಾಯಿ ಸಂಗಮ್ಮ ಬಂದಳು. ಅಂಗಳದಲ್ಲಿ ಕೂತು, ಓಣಿಗೆಲ್ಲ ಕೇಳುವ ಹಾಗೆ ಸೊಸೆಯನ್ನು ಬೈದಳು. "ಗಂಡ್ಮಗ ಇಲ್ಲದ ಮನಿ. ಇನ್ನೊಂದು ಲಗ್ನ ಮಾಡಾಮಂದ್ರ ಆ ದಾರೀನೂ ಮುಚ್ಚಿದ್ಳು. ಹೋರಿಯಂಥಾ ನನ್ನ ಮಗನ್ನ ಎತ್ತು ಮಾಡಿ ಕೂಡ್ಸಿದ್ಳು."

"ಅವ್ವಾ, ನಾನೇ ಹೋಗಿದ್ದು. ಅಕೀಗಿ ಗೊತ್ತೇ ಇದ್ದಿಲ್ಲ," ಎಂದ ವೈಜನಾಥ.

ತಾಯಿ ನಂಬಲಿಲ್ಲ. ಓಣಿಯೂ ನಂಬಲಿಲ್ಲ. ಹೆಂಡತಿಯ ಮಾತು ಕಟ್ಟಿಕೊಂಡು ಹೋದ ಅಂದರು. ಬಳೆಗಳಿಗಿಂತ ಇದು ಅವನನ್ನು ಹೆಚ್ಚು ಸುಟ್ಟಿತು. ತನ್ನ ಬುದ್ಧಿಯಿಂದ ಮಾಡಿದ ಕೆಲಸವೂ ತನ್ನದಾಗಿ ಉಳಿಯಲಿಲ್ಲ. ಮೆಲ್ಲಗೆ ನೀರು ಹೊರುವುದನ್ನು ಬಿಟ್ಟ. ಹುಡುಗಿಯರ ತಲೆ ಬಾಚುವುದನ್ನು ಬಿಟ್ಟ. ಮನೆಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡತೊಡಗಿದ.

ಒಂದು ಸಂಜೆ ಅವನು ಕಟ್ಟೆಯ ಮೇಲೆ ಒಂದು ಮೂಲೆಯಲ್ಲಿ ಕೂತಿದ್ದಾಗ ಕಸ್ತೂರಿಬಾಯಿ ಕೂಸನ್ನು ಎತ್ತಿಕೊಂಡು ಬಂದಳು.

"ರೀ, ಕೂಸಿಗಿ ಜ್ವರ ಭಾಳ ಏರ್ಯಾವ. ದವಾಖಾನಿಗಿ ಹೋಗಾಮ್ ಬರ್ರಿ."

"ಏಳಪಾ, ಮಾಲಕರು ಕರೀಲಾಕತ್ತಾರ," ಎಂದು ಯಾರೋ ಅಂದರು. ಕಟ್ಟೆ ನಕ್ಕಿತು.

ವೈಜನಾಥ ಎದ್ದ. ಎದ್ದವನೇ ಅವಳ ಕೆನ್ನೆಗೆ ಬಾರಿಸಿದ. ಮದುವೆಯಾದಂದಿನಿಂದ ಅವಳ ಮೇಲೆ ಕೈ ಎತ್ತಿದವನಲ್ಲ. ಕೂಸು ಚೀರಿತು. ಕಸ್ತೂರಿಬಾಯಿ ಜಾರಿದ ಸೆರಗನ್ನು ತಲೆಯ ಮೇಲೆಳೆದುಕೊಂಡು, ಒಬ್ಬಳೇ ದವಾಖಾನೆಯ ಕಡೆಗೆ ನಡೆದಳು. ಅವಳ ಹಿಂದೆ ಹೋಗಲು ಅವನು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಶಿವರಾಯ ಸರಿದು ತನ್ನ ಪಕ್ಕದಲ್ಲೇ ಜಾಗ ಮಾಡಿದ. "ಕೂಡು ತಮ್ಮಾ," ಎಂದು ಚಹಾ ಹೇಳಿದ. ವೈಜನಾಥ ಕೂತು ಕುಡಿದ.

ಮುಂದಿನ ಶ್ರಾವಣಕ್ಕೆ ನಂದಿಕೋಲು ಮತ್ತೆ ಅವನಿಗೇ ಬಂತು. ಬೇರೆ ಮನೆಗಳಲ್ಲಿ ಹೆಂಡತಿ ಎದುರು ಮಾತಾಡಿದರೆ, ವೈಜನಾಥನನ್ನು ನೋಡಿ ಕಲಿಯಿರಿ ಎಂದು ಓಣಿಯವರು ಗಂಡಂದಿರಿಗೆ ಹೇಳತೊಡಗಿದರು. ಕಸ್ತೂರಿಬಾಯಿ ಆ ಸಂಜೆಯ ಮಾತು ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು. ಮಕ್ಕಳಿಗೆ ಜ್ವರ ಬಂದರೆ ಅವನಿಗೆ ಹೇಳುವುದನ್ನು ಬಿಟ್ಟಳು.

ಕೆಲವು ವರ್ಷಗಳ ಮೇಲೆ, ಹೋಟೆಲಿನಲ್ಲಿ ಕೆಲಸ ಮಾಡುವ ಸುಧಾಕರನೆಂಬ ಉಡುಪಿ ಕಡೆಯ ಹುಡುಗ ಅಂಜುತ್ತ ಮನೆಗೆ ಬಂದ. ಅವನ ಹೆಂಡತಿಗೂ ಡಾಕ್ಟರು ಹಾಗೆಯೇ ಹೇಳಿದ್ದರು.

"ನೀವು ಮಾಡಿಸಿಕೊಂಡಿದ್ದೀರಂತೆ. ಏನೂ ತೊಂದರೆ ಆಗುವುದಿಲ್ಲ ಅಲ್ವಾ?"

ವೈಜನಾಥ ಬಾಗಿಲಾಚೆ ಓಣಿಯನ್ನೊಮ್ಮೆ ನೋಡಿದ. "ಯಾರು ಹೇಳಿದ್ರು ನಿಂಗ? ಅಂಥಾದ್ದು ನಾ ಏನೂ ಮಾಡಿಸ್ಕೊಂಡಿಲ್ಲ. ಗಂಡಸರು ಮಾಡಿಸ್ಕೊಳ್ಳೂದಲ್ಲ ಅದು."

ಸುಧಾಕರ ತಪ್ಪಾಯಿತೆಂದು ಕೈಮುಗಿದು ಹೋದ. ಒಳಗಿದ್ದ ಕಸ್ತೂರಿಬಾಯಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು, ಎಷ್ಟೋ ಕಾಲದ ಮೇಲೆ ಗಂಡನ ಮುಖವನ್ನು ನೆಟ್ಟಗೆ ನೋಡಿದಳು.

"ಹೊಡದ ಮ್ಯಾಲೂ ನಿಮ್ಮ ಕೂಡ ಬಾಳ್ವೆ ಮಾಡಿದ್ದು ಅದೊಂದು ಕೆಲಸದ ಸಲುವಾಗಿ. ಅದನ್ನೂ ಇಲ್ಲಂದ್ರಿ."

ಅವಳು ಒಳಗೆ ಹೋದಳು. ವೈಜನಾಥ ಅಂಗಿ ತೊಟ್ಟು ಶಿವರಾಯನ ಅಂಗಡಿಯ ಕಡೆಗೆ ಹೊರಟ.