ಉಳಿದ ಮೂರು ಬೋಲ್ಟು

ಇಳಕಲ್ಲಿನ ಆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ "ಕಂಪನಿಯವರಿಗೆ ಏನ್ ತಿಳೀತೈತ್ರಿ?" ಎನ್ನುತ್ತಿದ್ದ. ಗಾಡಿ ಯಾವುದಾದರೂ ಸರಿ, ತಯಾರಿಸಿದವರು ದಡ್ಡರು.

ನನ್ನ ಕಾರಿನ ಎಂಜಿನ್ ಬಿಚ್ಚಿ, ಭಾಗಗಳನ್ನೆಲ್ಲ ಕೆಂಪು ಗ್ರಾನೈಟ್ ಕಲ್ಲಿನ ಮೇಲೆ ಹರವಿ, ಒಂದೊಂದರ ಪಕ್ಕ ಸೀಮೆಸುಣ್ಣದಲ್ಲಿ ನಂಬರು ಬರೆದ. ಆ ಅಚ್ಚುಕಟ್ಟು ಕಂಡು ನಾನು ಮರುಳಾದೆ. ಮರುದಿನ ಅಮಾವಾಸ್ಯೆ. ಗ್ಯಾರೇಜಿನ ಪೂಜೆಗೆಂದು ಅವನೇ ಕೈಯಾರೆ ಕಲ್ಲು ತೊಳೆದ, ನಂಬರುಗಳೂ ಹೋದವು. ಆಮೇಲೆ ದೊಡ್ಡವು ಹಿಂದೆ, ಸಣ್ಣವು ಮುಂದೆ, ಗ್ರೂಪ್ ಫೋಟೋಕ್ಕೆ ನಿಲ್ಲಿಸಿದಂತೆ ಭಾಗಗಳನ್ನು ಜೋಡಿಸಿ ಎಲ್ಲಕ್ಕೂ ಕುಂಕುಮ ಹಚ್ಚಿದ.

"ಯಾವ್ದು ಎಲ್ಲಿದಂತ ಇನ್ನ ಹೆಂಗ ಗೊತ್ತಾಗ್ತೈತೋ?" ಎಂದೆ.

"ಕೈಗೆ ಗೊತ್ತಿರ್ತೈತ್ರಿ."

ಅವನ ಕೈ ಎಂಜಿನ್ ಕೂಡಿಸಿ ಮುಗಿಸಿದಾಗ ಕಲ್ಲಿನ ಮೇಲೆ ಮೂರು ಬೋಲ್ಟು ಉಳಿದಿದ್ದವು. "ಸುಮ್ನ ಹೆಚ್ಚಿಗಿ ಹಾಕಿರ್ತಾರ್ರಿ. ಕಂಪನಿಯವರಿಗೆ ಏನ್ ತಿಳೀತೈತ್ರಿ?"

ಕಾರು ತೆಗೆದುಕೊಂಡು ಹೊರಟೆ; ಹತ್ತಿರದ ಗುಡೂರು ಮುಟ್ಟುವ ಮೊದಲೇ ಎಂಜಿನ್ ಜಾಮ್ ಆಯಿತು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು, ಆ ಬೋಲ್ಟು ಎಲ್ಲಿ ಎಂದು ಕೇಳಿದೆ. ಅವು ದೇವರ ಫೋಟೋದ ಮುಂದೆ ಹೂವು ಮುಡಿದು ಕುಳಿತಿದ್ದವು.

"ಪೂಜಾ ಆಗೈತ್ರಿ, ಇನ್ನ ಎತ್ತಾಕ ಬರೂದಿಲ್ಲ," ಎಂದ.

ಕಂಪನಿಯವರಿಗೆ ನಿಜಕ್ಕೂ ಏನೂ ತಿಳಿದಿರಲಿಲ್ಲ. ಪೂಜೆಗೆಂದು ಬೇರೆ ಮೂರು ಬೋಲ್ಟು ಕೊಟ್ಟಿರಲಿಲ್ಲ.