ವಿಜಯಪುರದ ವಿಕಿರಣ ಕೋಣೆಯಲ್ಲಿ ಕುಂದಾಪುರದವಳು

ವಿಜಯಪುರದ ಆಸ್ಪತ್ರೆಗೆ ವಿಕಿರಣ ತಂತ್ರಜ್ಞೆಯಾಗಿ ಬಂದ ಮೊದಲ ದಿನವೇ ಅಪರಿಚಿತರೊಬ್ಬರ ಮುಖದ ಅಚ್ಚು ತೆಗೆದೆ. ಬಿಸಿನೀರಿನಲ್ಲಿ ಮೆತ್ತಗಾದ ಬಿಳಿ ಪ್ಲಾಸ್ಟಿಕ್ ಜಾಲರಿಯನ್ನು ಹಣೆಯಿಂದ ಭುಜದವರೆಗೆ ಎಳೆದು ಒತ್ತಿದೆ. ತಣಿಯುತ್ತ ಅದು ಇನ್ನೊಂದು ಮುಖವಾಯಿತು. ಗಂಟಲ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ತಲೆ ಕದಲದಂತೆ ಹಿಡಿಯುವ ಕವಚವದು.

"ಎಂತ ಆಯ್ತು? ಹೆದರಿಕೆಯಾ?" ಎಂದೆ. ಬಾಗಿಲಲ್ಲಿದ್ದ ಅವರ ಹೆಂಡತಿ ಬೀಬಿಜಾನ್ ನಕ್ಕರು. "ಎಂತ ಅಂದ್ರ ಏನ್ರಿ ಅಕ್ಕಾರ? ನಾವು ಏನಾತು ಅಂತೀವ್ರಿ."

ಅವರ ಗಂಡ ಮೆಹಬೂಬಸಾಬ್ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸಿ, ಇಲ್ಲಿ ಮಣೂಕ ಎನ್ನುವ ಒಣದ್ರಾಕ್ಷಿ ಮಾಡುವವರು.

ನಮ್ಮ ಕುಂದಾಪುರದಲ್ಲಿ ಗಾಳಿಯೇ ಒದ್ದೆ. ಇಲ್ಲಿ, ಸ್ಟೇಷನ್ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ, ಒಗೆದ ದುಪಟ್ಟಾ ಚಹಾ ಕುಡಿಯುವಷ್ಟರಲ್ಲಿ ಗರಿಗರಿ. ರಜೆಯ ಮಧ್ಯಾಹ್ನ ಕಣ್ಣು ಮುಚ್ಚಿದರೆ ಗುಮ್ಮಟದ ಕಡೆಯಿಂದ ಬೀಸುವ ಗಾಳಿ ಅಲೆಯಂತೆ ಕೇಳಿಸುತ್ತಿತ್ತು. ತೆರೆದರೆ ಬರೀ ಬಿಸಿಲು.

ವಾರಕ್ಕೆ ಐದು ದಿನ ವಿಕಿರಣ, ಅದರಲ್ಲೊಂದು ದಿನ ಸಲೈನಿನಲ್ಲಿ ಔಷಧಿ. ಎರಡೂ ಸೇರಿದರೆ ಗಡ್ಡೆ ಬೇಗ ಬಗ್ಗುತ್ತದೆ, ಬಾಯಿ ಹುಣ್ಣಾಗಿ ರುಚಿಯೂ ಹೋಗುತ್ತದೆ. ನಾಲ್ಕನೇ ವಾರ ಮೆಹಬೂಬಸಾಬ್ ಎರಡು ದಿನ ಬರಲಿಲ್ಲ. ಚಿಕಿತ್ಸೆ ನಡುವೆ ನಿಂತರೆ ಗಡ್ಡೆ ಮತ್ತೆ ಚಿಗುರಬಹುದು. ಡ್ಯೂಟಿ ಮುಗಿಸಿ ತಿಕೋಟಾ ಬಸ್ ಹತ್ತಿದೆ.

"ಉಗುಳು ಸುದ್ದಾ ಇಳಿವಲ್ದ್ರಿ," ಮನೆಯಂಗಳದಲ್ಲಿ ಕೂತಿದ್ದ ಮೆಹಬೂಬಸಾಬ್ ಪಿಸುಗುಟ್ಟಿದರು.

"ಡಾಕ್ಟರ್ ಊಟಕ್ಕ ಮೂಗಿನಾಗ ನಳಿಗಿ ಹಾಕ್ತೀನಿ ಅಂದಾರ. ಅದನ್ನ ಹಾಕ್ಕೊಂಡು ಮಂದ್ಯಾಗ ಹೆಂಗ ತಿರಗಲಿ ಅಂತಾರ್ರಿ," ಬೀಬಿಜಾನ್ ಅಂದರು.

"ನಳಿಗೆಯನ್ನು ಆಮೇಲೆ ತೆಗೀಬಹುದು. ಗಡ್ಡೆ ಬೆಳೆದ್ರೆ..." ಎಂದೆ.

ಮೆಹಬೂಬಸಾಬ್ ಒಣಹಾಕಿದ ದ್ರಾಕ್ಷಿಯ ಬಲೆಯೊಂದನ್ನು ಎಳೆದು ಸರಿಮಾಡಿದರು. "ಅದರಾಗ ಅಂಬಲಿ ಹೋಗತೈತೇನ್ರಿ?"

"ತೆಳ್ಳಗೆ ಸೋಸಿದ್ರೆ ಹೋಗ್ತದೆ."

"ಹಂಗಾದ್ರ ನಾಳಿ ಬರ್ತೇನ್ರಿ."

ಬಂದರು. ತಪ್ಪಿದ್ದನ್ನು ತುಂಬಿಸಲು ಡಾಕ್ಟರ್ ಶನಿವಾರಗಳಂದೂ ಕರೆದರು. ಅಂದಿನಿಂದ ನಮ್ಮ ವಿಭಾಗದಲ್ಲೊಂದು ಹೊಸ ರೂಢಿ: ಪ್ರತಿ ಸೋಮವಾರ ಎಲ್ಲರ ತೂಕ ನೋಡಿ, ನುಂಗುವುದು ಹೇಗಿದೆ ಎಂದು ಕೇಳುತ್ತೇವೆ, ಅವರು ಸೋತು ಮನೆಯಲ್ಲಿ ಕೂರುವ ಮೊದಲೇ ನೋವಿನ ಔಷಧಿ ಕೊಟ್ಟು, ನಳಿಗೆಯ ಮಾತೆತ್ತುತ್ತೇವೆ.

ತಿಂಗಳುಗಳ ನಂತರ ತಪಾಸಣೆಯಲ್ಲಿ ಗಡ್ಡೆ ಕಾಣಲಿಲ್ಲ. ಮೆಹಬೂಬಸಾಬ್ ಅಲ್ಲೇ ಒಂದು ಮಣೂಕ ಬಾಯಿಗಿಟ್ಟು ಕಣ್ಣರಳಿಸಿದರು. "ಹುಳಿ ಹತ್ತಾಕತ್ತೈತ್ರಿ!" ಬೀಬಿಜಾನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮೊನ್ನೆ ಊರಿಗೆ ಹೋದಾಗ ಅಲ್ಲಿಯ ಆಸ್ಪತ್ರೆಯೊಂದು ಕೆಲಸಕ್ಕೆ ಕರೆದಿತ್ತು. ಬಸ್ ನಿಲ್ದಾಣದವರೆಗೆ ಬಂದ ಅಮ್ಮ ಕೈ ಹಿಡಿದು ಕೇಳಿದರು: "ಇಲ್ಲೇ ಕೆಲ್ಸ ಸಿಕ್ಕಿತಲ್ದಾ, ಬತ್ತ್ಯಾ ಮಗಾ?"

"ಬತ್ತೆ," ಎಂದೆ. ಹೊರಟೆ ಎನ್ನಲೂ ಮರಳಿ ಬರುತ್ತೇನೆ ಎನ್ನಲೂ ನಾವು ಹೇಳುವುದು ಅದೊಂದೇ ಮಾತು. ಯಾವ ಅರ್ಥದಲ್ಲಿ ಹೇಳಿದೆನೆಂದು ಅಮ್ಮ ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.