ತಮ್ಮನ ಹಲ್ಲುನೋವು

ಆಟಿಸಂ ಇರುವವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ನರ್ಸುಗಳಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಕಲಿಸುವುದು ನನ್ನ ಕೆಲಸ. ಒಂದು ಶನಿವಾರ ಬಬಲೇಶ್ವರ, ಮುಂದಿನ ಶನಿವಾರ ತಿಕೋಟಾ. ವಿಜಯಪುರದಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದವಳು, ಹಾಗಾಗಿ ಮೈಕು ಕೈಗೆ ಬಂದರೆ ಬೇಗ ಬಿಡುವವಳಲ್ಲ. ನನ್ನ ಪಾಠವೆಲ್ಲ ಆರು ವರ್ಷದೊಳಗಿನವರದ್ದೇ. ದೊಡ್ಡವರಾದವರ ಬಗ್ಗೆ ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ, ಅದೊಂದು ಕೊರತೆ ಎಂದು ಅನಿಸಿಯೂ ಇರಲಿಲ್ಲ.

ತಿಕೋಟಾದ ಮೂರನೇ ತರಗತಿ ಮುಗಿದಾಗ ಕಳ್ಳಕವಟಗಿಯ ನರ್ಸೊಬ್ಬಳು ಬಸ್ ಸ್ಟ್ಯಾಂಡಿನವರೆಗೂ ನನ್ನ ಹಿಂದೆಯೇ ಬಂದಳು. ಅವಳ ತಮ್ಮನಿಗೆ ಮೂವತ್ತಾರು ವರ್ಷ. ಮಾತಿಲ್ಲ. ಆದರೆ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ, ಕಸ ಆರಿಸುವುದರಲ್ಲಿ ಅವನಷ್ಟು ಚುರುಕು ಯಾರೂ ಇಲ್ಲವಂತೆ. ಒಂದು ತಿಂಗಳಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಈಗ ಊಟವನ್ನೂ ಬಿಟ್ಟಿದ್ದ.

"ಮಂದಿ ನೋಡ್ಲಿ ಅಂತ ಹೊಡ್ಕೋತಾರ, ಲಕ್ಷ್ಯ ಕೊಡಬ್ಯಾಡ್ರಿ ಅಂತ ಮೊದಲನೇ ದಿನಾನ ಹೇಳಿದ್ರಿ," ಎಂದಳು. "ನಾ ಮೂರು ವಾರ ಅವನ ಕಡೆ ನೋಡೇ ಇಲ್ರಿ."

ಆ ದಿನ ಬೆಳಿಗ್ಗೆ ಅವನ ದವಡೆ ಊದಿದ್ದು ಅವಳಿಗೆ ಕಂಡಿತ್ತು. ಹಲ್ಲುನೋವು. ಮೊದಲು ನೋವಿದೆಯೇ ಎಂದು ನೋಡಬೇಕು ಎನ್ನುವುದನ್ನು ನಾನು ಹೇಳಿರಲೇ ಇಲ್ಲ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅವನನ್ನು ನೋಡಲು ವಿಜಯಪುರದ ನನ್ನ ಪರಿಚಯದ ಹಲ್ಲಿನ ಡಾಕ್ಟರನ್ನು ಒಪ್ಪಿಸಿದೆ. ಅಲ್ಲಿಗೆ ಬಿಡಬೇಕಿತ್ತು. ಆದರೆ ನಮ್ಮ ಕಡೆ ದವಾಖಾನೆಗೆ ಒಬ್ಬರೇ ಹೋಗುವ ಪದ್ಧತಿ ಎಲ್ಲಿದೆ? ಧೈರ್ಯ ಹೇಳಲು ಓಣಿಯೇ ಹೊರಡುತ್ತದೆ. ಪ್ರಾಯೋಗಿಕ ಪಾಠವೂ ಆಗಲಿ ಎಂದು ನಾನೇ ತರಗತಿಗೆಲ್ಲ ಬನ್ನಿ ಎಂದುಬಿಟ್ಟೆ. ಹನ್ನೊಂದು ಮಂದಿ ಟಂಟಂ ಆಟೊ ತುಂಬ ಬಂದಿಳಿದರು, ಬುತ್ತಿ ಬೇರೆ ಕಟ್ಟಿಕೊಂಡು. ಒಬ್ಬಳು ಚಿತ್ರ ತೋರಿಸಿದಳು, ಒಬ್ಬಳು ಚಪ್ಪಾಳೆ ತಟ್ಟಿದಳು, ಉಳಿದವರು ಕೂಡಪ್ಪ, ಬಾಯಿ ತೆಗಿಯಪ್ಪ ಎಂದು ಒಟ್ಟಿಗೇ ಹೇಳಿದರು. ಎಲ್ಲವೂ ನಾನು ಕಲಿಸಿದ್ದೇ. ಅವನು ಬಾಗಿಲಲ್ಲೇ ಕುಸಿದು ಕಿವಿ ಮುಚ್ಚಿಕೊಂಡ. ಮತ್ತೆ ಕೆನ್ನೆಗೆ ಬಡಿದುಕೊಳ್ಳತೊಡಗಿದ. ಕೈಕಾಲು ಹಿಡಿಯಲು ಡಾಕ್ಟರು ಇಬ್ಬರನ್ನು ಕರೆದರು.

ನರ್ಸು ತಮ್ಮನಿಗೆ ಅಡ್ಡ ನಿಂತಳು. "ಯಾರೂ ಮುಟ್ಟಬ್ಯಾಡ್ರಿ. ಎಲ್ಲಾರೂ ಹೊರಗ ಹೋಗ್ರಿ. ಮೇಡಮ್ಮಾರ, ನೀವೂ."

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ನೋಡಿದೆ. ಅವಳು ಫ್ಯಾನು, ಲೈಟು ಆರಿಸಿದಳು. ನೆಲದ ಮೇಲೆ ತಮ್ಮನ ಪಕ್ಕ ಕೂತು, ಮೊದಲು ತನ್ನ ಬಾಯಿಯನ್ನೇ ಡಾಕ್ಟರಿಗೆ ತೆರೆದು, ಬೆರಳು ಮಡಚುತ್ತ ಮೆಲ್ಲಗೆ ಹತ್ತರವರೆಗೆ ಎಣಿಸಿ ಮುಚ್ಚಿದಳು. ಆಮೇಲೆ ಅವನ ಸರದಿ. ಮೂರು ಎನ್ನುವಷ್ಟರಲ್ಲಿ ಅವನು ಕೈ ಎತ್ತಿದ. ಅವಳು ಸಾಕೆಂದಳು, ಡಾಕ್ಟರು ತಕ್ಷಣ ಕನ್ನಡಿ ಹೊರಗೆ ತೆಗೆದರು. ಮತ್ತೊಮ್ಮೆ ಬಾಯಿ ತೆರೆದಾಗ ಐದರವರೆಗೆ ಹೋಯಿತು. ಆ ದಿನ ಆಗಿದ್ದು ಹಲ್ಲು ನೋಡಿ ಗುಳಿಗೆ ಕೊಟ್ಟಿದ್ದಷ್ಟೇ, ಅದಕ್ಕೇ ಒಂದು ತಾಸು ಹಿಡಿಯಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನನಗೆ ಅಳು ಬಂತು.

ನಾಲ್ಕನೇ ಸಲ ಬಂದಾಗ ಅವನೇ ಹೋಗಿ ಕುರ್ಚಿ ಏರಿದ. ಹಲ್ಲು ಹೊರಬಂತು. ಮುಂದಿನ ತರಗತಿಯ ಪಾಠ ನೀನೇ ಮಾಡಬೇಕು ಎಂದು ನಾನು ನರ್ಸಿಗೆ ಹೇಳುತ್ತಿದ್ದೆ. ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಹೋದ ವರ್ಷ ಇಂಥಾವ್ರು ಇಬ್ಬರು ಬಂದಿದ್ರು," ಎಂದರು. "ನಮ್ಮ ಕೈಲೆ ಆಗಂಗಿಲ್ಲ ಅಂತ ವಾಪಸ್ ಕಳಿಸೀನ್ರಿ. ಯಾವ ಊರು ಅಂತನೂ ಕೇಳಲಿಲ್ಲ."

ನಾನು ಏನೋ ಸಮಾಧಾನ ಹೇಳಲು ಹೊರಟಿದ್ದೆ. ತಮ್ಮನ ಮುಂದೆ ಚಪ್ಪಲಿ ಇಡುತ್ತಿದ್ದ ನರ್ಸು ತಲೆ ಎತ್ತಿದಳು.

"ಚೀಟಿ ಮಾಡ್ಸುವಾಗ ಹೆಸರು, ಊರು ಬರಸಿರ್ತಾರಲ್ರಿ. ಆ ರಜಿಸ್ಟರ್ ತಗೀರಿ, ಇಲ್ಲೇ ಕೂತು ನೋಡೂಣು."